ಸತ್ಯಕ್ಕೆ ಸರ್ಕಾರದ ಮುದ್ರೆ ಬೇಕೆ?

ಮನುಷ್ಯನು ತನಗೆ ತೋಚಿದುದನ್ನೆಲ್ಲ ಆಡಬಹುದೆ? ಆಡಬಹುದಾದರೆ ಅದಕ್ಕೊಂದು ಎಲ್ಲೆ ಬೇಡವೆ? ಎಲ್ಲೆ ಬೇಕೆಂದಾದರೆ ಅದನ್ನು ಗೊತ್ತುಮಾಡತಕ್ಕವರು ಯಾರು? ಈ ಮೂರು ಪ್ರಶ್ನೆಗಳೂ ಹಳೆಯವು. ಮುದ್ರಣಯಂತ್ರವು ಬಳಕೆಗೆ ಬಂದಾಗ ಇವು ಎದ್ದವು. ರೇಡಿಯೋ ಬಂದಾಗಲೂ ಎದ್ದವು. ಅಂಗೈಯಗಲದ ಫೋನಿನಿಂದ ಒಂದು ಮಾತನ್ನು ಕ್ಷಣಾರ್ಧದಲ್ಲಿ ಲಕ್ಷ ಜನಕ್ಕೆ ಮುಟ್ಟಿಸಬಹುದಾದ ಈ ಕಾಲದಲ್ಲಿ ಇವು ಮತ್ತಷ್ಟು ತೀವ್ರವಾಗಿ ಎದ್ದು ನಿಂತಿವೆ.

ಇದು ವಕೀಲರಿಗೂ ರಾಜಕಾರಣಿಗಳಿಗೂ ಸೇರಿದ ವಿಷಯವಲ್ಲವೆ, ವಿಜ್ಞಾನದ ಮಾಸಪತ್ರಿಕೆಗೆ ಇದರ ಗೊಡವೆ ಏಕೆ ಎಂದು ನಮ್ಮ ವಾಚಕರಲ್ಲಿ ಕೆಲವರು ಕೇಳಬಹುದು. ವಿಜ್ಞಾನಕ್ಕೂ ಈ ಚರ್ಚೆಗೂ ಇರುವ ನಂಟು ಬಹಳ ಹತ್ತಿರದ್ದು. ಪ್ರಯೋಗಶಾಲೆಯಲ್ಲಿ ಒಬ್ಬನು ಕಂಡುದನ್ನು ಇನ್ನೊಬ್ಬನು ಸಂಶಯಿಸಿ, ಮತ್ತೆ ಪರೀಕ್ಷಿಸಿ, ತಪ್ಪಿದ್ದರೆ ಎಲ್ಲರೆದುರು ತಪ್ಪೆಂದು ಹೇಳುವುದರಿಂದಲೇ ವಿಜ್ಞಾನವು ಬೆಳೆಯುತ್ತದೆ. ಹೀಗೆ ಹೇಳುವ ಅವಕಾಶವೇ ಇಲ್ಲವಾದರೆ ಎಷ್ಟು ಒಳ್ಳೆಯ ಉಪಕರಣಗಳಿದ್ದರೂ ಪ್ರಯೋಜನವಿಲ್ಲ. ಆದುದರಿಂದ ಮಾತಿನ ಎಲ್ಲೆಯ ಪ್ರಶ್ನೆಯನ್ನು ವಿಜ್ಞಾನದ ವಿದ್ಯಾರ್ಥಿಯ ದೃಷ್ಟಿಯಿಂದ ಇಲ್ಲಿ ನೋಡಲು ಯತ್ನಿಸುತ್ತೇವೆ.

ಮೊದಲು ಎದುರುಪಕ್ಷದವರ ವಾದವನ್ನು ನ್ಯಾಯವಾಗಿ ಕೇಳೋಣ. ಮಾತಿನಿಂದ ಪ್ರಾಣವೇ ಹೋಗುವುದುಂಟು. 2018ನೆಯ ಇಸವಿಯ ಜುಲೈ ತಿಂಗಳಿನಲ್ಲಿ ನಮ್ಮ ಬೀದರ್ ಜಿಲ್ಲೆಯ ಮುರ್ಕಿ ಎಂಬ ಹಳ್ಳಿಯಲ್ಲಿ, ಹೈದರಾಬಾದಿನಿಂದ ಬಂದಿದ್ದ ತರುಣ ಇಂಜಿನಿಯರೊಬ್ಬರನ್ನು ಗುಂಪೊಂದು ಹೊಡೆದು ಕೊಂದಿತು. ಮಕ್ಕಳಿಗೆ ಚಾಕೊಲೇಟು ಕೊಟ್ಟುದೇ ಸಂಶಯಕ್ಕೆ ನೆಪವಾಯಿತು. ಮಕ್ಕಳ ಕಳ್ಳರು ಬಂದಿದ್ದಾರೆಂಬ ಸುಳ್ಳು ಸುದ್ದಿಯು ವಾಟ್ಸ್‌ಆ್ಯಪ್ ಮೂಲಕ ಹಬ್ಬಿ ಜನರನ್ನು ಕೆರಳಿಸಿತು. ಆ ವರ್ಷ ದೇಶದ ಇನ್ನೂ ಹಲವು ಕಡೆಗಳಲ್ಲಿ ಇಂಥ ಕೊಲೆಗಳು ನಡೆದವು.

ಇನ್ನೊಂದು ನಿದರ್ಶನವು ವಿಜ್ಞಾನದ ಮನೆಯೊಳಗಿನದೇ. 1998ರಲ್ಲಿ ಇಂಗ್ಲೆಂಡಿನ ಆಂಡ್ರ್ಯೂ ವೇಕ್‌ಫೀಲ್ಡ್ ಎಂಬ ವೈದ್ಯನೂ ಅವನ ಜೊತೆಗಾರರೂ 'ಲ್ಯಾನ್ಸೆಟ್' ಪತ್ರಿಕೆಯಲ್ಲಿ ಒಂದು ಪ್ರಬಂಧವನ್ನು ಪ್ರಕಟಿಸಿದರು. ಕೇವಲ 12 ಮಕ್ಕಳನ್ನು ಆಧಾರವಾಗಿಟ್ಟುಕೊಂಡು, ದಡಾರ, ಮಂಗನಬಾವು, ರುಬೆಲ್ಲಾ ಈ ಮೂರು ರೋಗಗಳ ವಿರುದ್ಧ ಹಾಕುವ ಲಸಿಕೆಗೂ ಆಟಿಸಂಗೂ ಸಂಬಂಧವಿರಬಹುದೆಂಬ ಶಂಕೆಯನ್ನು ಅದು ಹುಟ್ಟಿಸಿತು. ತಂದೆತಾಯಿಗಳು ಹೆದರಿದರು. 2003–04ರ ವೇಳೆಗೆ ಇಂಗ್ಲೆಂಡಿನಲ್ಲಿ ಈ ಲಸಿಕೆ ಪಡೆದ ಎಳೆಯ ಮಕ್ಕಳ ಪ್ರಮಾಣವು ನೂರಕ್ಕೆ 80ರಷ್ಟಕ್ಕೆ ಇಳಿಯಿತು. ಹತೋಟಿಗೆ ಬಂದಿದ್ದ ದಡಾರವು ಮತ್ತೆ ತಲೆಯೆತ್ತಿತು.

ಇವುಗಳನ್ನು ಕಂಡವರು, "ಸುಳ್ಳು ಇಷ್ಟು ಅಪಾಯಕಾರಿಯಾಗಿರುವಾಗ ಸರ್ಕಾರವು ಕೈಕಟ್ಟಿ ಕುಳಿತುಕೊಳ್ಳಬೇಕೆ? ಯಾವುದು ನಿಜ, ಯಾವುದು ಸುಳ್ಳು ಎಂಬುದನ್ನು ಅಧಿಕಾರವುಳ್ಳ ಒಂದು ಮಂಡಲಿಯು ಗೊತ್ತುಮಾಡಿ ಸುಳ್ಳನ್ನು ಅಳಿಸಿಹಾಕಬಾರದೇಕೆ?" ಎಂದು ಕೇಳುತ್ತಾರೆ. ಪ್ರಶ್ನೆಯು ಸಹಜವಾದುದು, ಕೇಳುವವರ ಉದ್ದೇಶವೂ ಬಹುಮಟ್ಟಿಗೆ ಒಳ್ಳೆಯದೇ. ಆದರೂ ಅವರು ಸೂಚಿಸುವ ಔಷಧವು ರೋಗಕ್ಕಿಂತ ಕೆಟ್ಟದ್ದೆಂಬುದು ನಮ್ಮ ಅಭಿಪ್ರಾಯ. ನೆಗಡಿ ಬಂದಿತೆಂದು ಮೂಗನ್ನೇ ಕೊಯ್ದುಕೊಳ್ಳುವುದುಂಟೆ?

ನಮ್ಮ ಸಂವಿಧಾನವು ಈ ವಿಷಯದಲ್ಲಿ ಏನು ಹೇಳುತ್ತದೆಂಬುದನ್ನು ವಿದ್ಯಾರ್ಥಿಗಳು ತಿಳಿದಿರುವುದು ಒಳ್ಳೆಯದು. ಅದರ 19ನೆಯ ಅನುಚ್ಛೇದವು ಎಲ್ಲ ನಾಗರಿಕರಿಗೂ ವಾಕ್‌ಸ್ವಾತಂತ್ರ್ಯವನ್ನೂ ಅಭಿವ್ಯಕ್ತಿ ಸ್ವಾತಂತ್ರ್ಯವನ್ನೂ ಕೊಟ್ಟಿದೆ. ಅದೇ ಅನುಚ್ಛೇದದ ಎರಡನೆಯ ಖಂಡವು ಈ ಸ್ವಾತಂತ್ರ್ಯಕ್ಕೆ ಅಂಕೆಯನ್ನೂ ಹಾಕಿದೆ. ಈ ಅಂಕೆಗೆ ಒಂದು ಚರಿತ್ರೆಯಿದೆ. 1950ರಲ್ಲಿ ಮದರಾಸು ಸರ್ಕಾರವು 'ಕ್ರಾಸ್ ರೋಡ್ಸ್' ಎಂಬ ವಾರಪತ್ರಿಕೆಯು ತನ್ನ ಪ್ರಾಂತವನ್ನು ಪ್ರವೇಶಿಸದಂತೆ ತಡೆದಿತ್ತು. ಸರ್ವೋಚ್ಚ ನ್ಯಾಯಾಲಯವು ಆ ವರ್ಷದ ಮೇ ತಿಂಗಳಲ್ಲೇ ಆ ಆಜ್ಞೆಯನ್ನು ರದ್ದುಗೊಳಿಸಿತು. ಮರುವರ್ಷ, ಅಂದರೆ 1951ರಲ್ಲಿ, ಸಂವಿಧಾನದ ಮೊದಲನೆಯ ತಿದ್ದುಪಡಿಯು ಬಂದು ಸಾರ್ವಜನಿಕ ಸುವ್ಯವಸ್ಥೆ ಮುಂತಾದ ಹೊಸ ಕಾರಣಗಳನ್ನು ಸೇರಿಸಿತು. ಅದರ ಜೊತೆಗೆ, ಹಾಕುವ ನಿರ್ಬಂಧವು 'ಯುಕ್ತ'ವಾಗಿರಬೇಕು ಎಂಬ ಅಮೂಲ್ಯವಾದ ಪದವನ್ನೂ ಸೇರಿಸಿತು. ನಿರ್ಬಂಧವು ಯುಕ್ತವೋ ಅಲ್ಲವೋ ಎಂಬುದನ್ನು ನ್ಯಾಯಾಲಯಗಳು ವಿಚಾರಿಸಲು ಈ ಒಂದು ಪದದಿಂದ ದಾರಿಯಾಯಿತು.

ಇಂದು ಆ ಪಟ್ಟಿಯಲ್ಲಿರುವ ಕಾರಣಗಳು ಇವು: ದೇಶದ ಸಾರ್ವಭೌಮತೆ ಮತ್ತು ಅಖಂಡತೆ, ರಾಜ್ಯದ ಭದ್ರತೆ, ವಿದೇಶಗಳೊಡನೆ ಸ್ನೇಹಸಂಬಂಧ, ಸಾರ್ವಜನಿಕ ಸುವ್ಯವಸ್ಥೆ, ಸಭ್ಯತೆ ಅಥವಾ ನೀತಿ, ನ್ಯಾಯಾಲಯ ನಿಂದನೆ, ಮಾನನಷ್ಟ, ಅಪರಾಧಕ್ಕೆ ಪ್ರಚೋದನೆ. ವಾಚಕರು ಈ ಪಟ್ಟಿಯನ್ನು ಇನ್ನೊಮ್ಮೆ ಓದಿ ನೋಡಬೇಕು. 'ಮಾತು ಸುಳ್ಳಾಗಿರುವುದು' ಎಂಬ ಕಾರಣವು ಇದರಲ್ಲಿಲ್ಲ. ಸುಳ್ಳಿನಿಂದ ಒಬ್ಬರ ಮಾನಹಾನಿಯಾದರೆ, ಸುಳ್ಳಿನಿಂದ ಗಲಭೆಯೆದ್ದರೆ, ಆ ಹಾನಿಗಾಗಿ ಶಿಕ್ಷೆಯುಂಟು. ಆದರೆ ಮಾತು ಸತ್ಯವಲ್ಲವೆಂಬ ಒಂದೇ ಕಾರಣಕ್ಕೆ ಅದನ್ನು ಅಡಗಿಸುವ ಅಧಿಕಾರವನ್ನು ಸಂವಿಧಾನವು ಸರ್ಕಾರಕ್ಕೆ ಕೊಟ್ಟಿಲ್ಲ.

ಇದು ವಿವೇಕದ ಏರ್ಪಾಡೆಂದು ನಾವು ಏಕೆ ಹೇಳುತ್ತೇವೆ? ಸತ್ಯವನ್ನು ಗೊತ್ತುಮಾಡುವ ಕೆಲಸವನ್ನು ಪ್ರಭುತ್ವವು ಕೈಗೆತ್ತಿಕೊಂಡ ಒಂದು ದೇಶದಲ್ಲಿ ಏನಾಯಿತೆಂಬುದು ವಿಜ್ಞಾನದ ಚರಿತ್ರೆಯಲ್ಲಿ ದಾಖಲಾಗಿದೆ. ಸೋವಿಯತ್ ರಷ್ಯದ ನಿಕೊಲಾಯ್ ವಾವಿಲೋವ್ ಎಂಬ ಸಸ್ಯವಿಜ್ಞಾನಿಯು ಐದು ಖಂಡಗಳನ್ನು ಸುತ್ತಿ, ಬೆಳೆಗಳ ಬೀಜಗಳನ್ನು ಸಂಗ್ರಹಿಸಿ, ಆ ಕಾಲಕ್ಕೆ ಜಗತ್ತಿನಲ್ಲೇ ದೊಡ್ಡದಾದ ಬೀಜಭಂಡಾರವನ್ನು ಲೆನಿನ್‌ಗ್ರಾಡಿನಲ್ಲಿ ಕಟ್ಟಿದವನು. ಗೋಧಿ, ಜೋಳ ಮೊದಲಾದ ಬೆಳೆಗಳು ಮೊದಲು ಎಲ್ಲಿ ಪಳಗಿದವೆಂಬುದರ ಬಗೆಗೆ ಅವನು ಮಾಡಿದ ಕೆಲಸವನ್ನು ಇಂದಿಗೂ ಓದುತ್ತೇವೆ. ಅದೇ ಕಾಲದಲ್ಲಿ ಟ್ರೋಫಿಮ್ ಲೈಸೆಂಕೋ ಎಂಬಾತನು ಮೆಂಡಲನ ಆನುವಂಶಿಕತೆಯ ನಿಯಮಗಳೇ ಸುಳ್ಳು, ಸಸ್ಯವನ್ನು ತಕ್ಕ ಪರಿಸರದಲ್ಲಿ ಬೆಳೆಸಿದರೆ ಅದು ಗಳಿಸಿದ ಗುಣವು ಸಂತತಿಗೂ ಇಳಿಯುವುದು ಎಂದು ಸಾರುತ್ತಿದ್ದನು. ಬೇಗನೆ ಬೆಳೆ ಹೆಚ್ಚುವುದೆಂಬ ಆಸೆಯಿಂದ ಸ್ಟಾಲಿನ್ ಅವನನ್ನು ಎತ್ತಿಹಿಡಿದನು. ವಾವಿಲೋವ್‌ನನ್ನು 1940ರಲ್ಲಿ ಬಂಧಿಸಿದರು. ಬೀಜಗಳ ನಡುವೆ ಬಾಳಿದ ಆ ಮಹಾನುಭಾವನು 1943ರ ಜನವರಿಯಲ್ಲಿ ಸರಾತೋವ್ ನಗರದ ಸೆರೆಮನೆಯಲ್ಲಿ, ಹೊಟ್ಟೆಗಿಲ್ಲದೆ ಸೊರಗಿ ಸತ್ತನು.

1948ರ ಆಗಸ್ಟಿನಲ್ಲಿ ಮಾಸ್ಕೋದ ಕೃಷಿ ವಿಜ್ಞಾನ ಅಕಾಡೆಮಿಯ ಸಭೆಯಲ್ಲಿ ಲೈಸೆಂಕೋ ತನ್ನ ವರದಿಗೆ ಪಕ್ಷದ ಕೇಂದ್ರ ಸಮಿತಿಯ ಒಪ್ಪಿಗೆಯಿದೆಯೆಂದು ಘೋಷಿಸಿದನು. ಅಲ್ಲಿಗೆ ಚರ್ಚೆಯು ಮುಗಿಯಿತು. ತಳಿವಿಜ್ಞಾನದ ಪ್ರಯೋಗಶಾಲೆಗಳು ಮುಚ್ಚಿದವು. ಅಧ್ಯಾಪಕರು ಕೆಲಸ ಕಳೆದುಕೊಂಡರು. ಪಠ್ಯಪುಸ್ತಕಗಳನ್ನು ಹೊಸದಾಗಿ ಬರೆಸಿದರು. 1953ರಲ್ಲಿ ಕೇಂಬ್ರಿಡ್ಜಿನಲ್ಲಿ ವಾಟ್ಸನ್ ಮತ್ತು ಕ್ರಿಕ್ ಡಿ.ಎನ್.ಎ. ಅಣುವಿನ ರಚನೆಯನ್ನು ಜಗತ್ತಿಗೆ ತಿಳಿಸಿದಾಗ, ರಷ್ಯದ ಕಾಲೇಜು ವಿದ್ಯಾರ್ಥಿಗಳಿಗೆ ಜೀನ್ ಎಂಬುದೇ ಇಲ್ಲವೆಂದು ಪಾಠ ಹೇಳುತ್ತಿದ್ದರು. 1964ರಲ್ಲಿ ಕ್ರುಶ್ಚೇವ್ ಅಧಿಕಾರದಿಂದ ಇಳಿದ ಮೇಲೆಯೇ ಈ ಗ್ರಹಣವು ಬಿಟ್ಟಿತು. ಒಬ್ಬ ವಿಜ್ಞಾನಿಯು ತಪ್ಪು ಹೇಳಿದುದರಿಂದ ಈ ಅನರ್ಥವು ಆಗಲಿಲ್ಲ. ತಪ್ಪು ಹೇಳುವವರು ಎಲ್ಲ ದೇಶಗಳಲ್ಲಿಯೂ ಇದ್ದಾರೆ. ಅಲ್ಲಿ ತಪ್ಪಿಗೆ ರಾಜಮುದ್ರೆ ಬಿದ್ದುದರಿಂದ ಅದನ್ನು ತಿದ್ದುವುದು ಅಪರಾಧವಾಯಿತು.

"ಅದು ಸರ್ವಾಧಿಕಾರಿಯ ಕಾಲದ ಮಾತು, ಜನರ ಹಿತಕ್ಕಾಗಿ ಸುಳ್ಳು ಸುದ್ದಿಯನ್ನು ಮಾತ್ರ ತಡೆಯುವ ಸಾಧಾರಣ ಕಾನೂನಿನಿಂದ ಇಂಥ ಅಪಾಯವೆಲ್ಲಿ?" ಎಂದು ಮತ್ತೆ ಕೇಳಬಹುದು. ಇದಕ್ಕೆ ನಮ್ಮ ಕಾಲದ್ದೇ ಆದ ನಿದರ್ಶನವನ್ನು ಕೊಡುತ್ತೇವೆ. 2019ರ ಡಿಸೆಂಬರ್ 30ರಂದು ಚೀನದ ವೂಹಾನ್ ನಗರದ ಲೀ ವೆನ್‌ಲಿಯಾಂಗ್ ಎಂಬ ಕಣ್ಣಿನ ವೈದ್ಯರು ತಮ್ಮ ಸಹಪಾಠಿಗಳಿಗೆ ಒಂದು ಸಂದೇಶವನ್ನು ಕಳುಹಿಸಿದರು. ಊರಿನ ಮಾರುಕಟ್ಟೆಯೊಂದಕ್ಕೆ ಸಂಬಂಧಿಸಿದ ಏಳು ಮಂದಿಗೆ ಸಾರ್ಸ್ ರೋಗವು ಗೊತ್ತಾಗಿದೆಯೆಂದೂ ಎಚ್ಚರಿಕೆಯಿಂದಿರಬೇಕೆಂದೂ ಅದರಲ್ಲಿತ್ತು. 2020ರ ಜನವರಿ 3ರಂದು ಪೊಲೀಸರು ಅವರನ್ನು ಕರೆಸಿ, ಸುಳ್ಳು ಹೇಳಿ ಸಮಾಜದ ಸುವ್ಯವಸ್ಥೆಯನ್ನು ಕೆಡಿಸುತ್ತಿದ್ದೀರೆಂದು ಛೀಮಾರಿ ಹಾಕಿ ಮುಚ್ಚಳಿಕೆ ಬರೆಸಿಕೊಂಡರು. ವೈದ್ಯರು ಅದೇ ರೋಗಕ್ಕೆ ತುತ್ತಾಗಿ ಫೆಬ್ರವರಿ 7ರಂದು ತೀರಿಕೊಂಡರು. ಮಾರ್ಚ್ ತಿಂಗಳಲ್ಲಿ ಪೊಲೀಸರು ಆ ಛೀಮಾರಿಯನ್ನು ಹಿಂದಕ್ಕೆ ತೆಗೆದುಕೊಂಡು ಕುಟುಂಬದ ಕ್ಷಮೆ ಕೇಳಿದರು.

ಇಲ್ಲಿ ಒಂದು ಸೂಕ್ಷ್ಮವನ್ನು ಗಮನಿಸಬೇಕು. ಲೀ ಅವರ ಮಾತು ಅಕ್ಷರಶಃ ನೋಡಿದರೆ ಪೂರ್ಣ ನಿಜವಾಗಿರಲಿಲ್ಲ. ಆ ರೋಗವು 2003ರ ಸಾರ್ಸ್ ಆಗಿರದೆ, ಅದಕ್ಕೆ ಹತ್ತಿರದ ಸಂಬಂಧಿಯಾದ ಹೊಸ ವೈರಸ್ಸಿನಿಂದ ಬಂದುದಾಗಿತ್ತು. ಸತ್ಯಾಸತ್ಯವನ್ನು ನಿರ್ಣಯಿಸುವ ಸರ್ಕಾರಿ ಮಂಡಲಿಯೊಂದು ಆ ದಿನ ತೀರ್ಪು ಕೊಟ್ಟಿದ್ದರೆ ಆ ಸಂದೇಶದ ಮೇಲೆ 'ಸುಳ್ಳು' ಎಂದೇ ಮೊಹರು ಬೀಳುತ್ತಿತ್ತು. ಆದರೂ ಜನರ ಪ್ರಾಣ ಉಳಿಸಬಲ್ಲ ಎಚ್ಚರಿಕೆಯು ಇದ್ದುದು ಆ ಅರೆನಿಜದ ಮಾತಿನಲ್ಲಿಯೇ. ಹೊಸ ಜ್ಞಾನವು ಮೊದಲು ಹೀಗೆಯೇ ಅರೆಬೆಂದ ರೂಪದಲ್ಲಿ, ತಪ್ಪುಗಳನ್ನು ಹೊತ್ತುಕೊಂಡು ಬರುತ್ತದೆ. ಬಂದ ಒಡನೆಯೇ ಪರಿಪೂರ್ಣವಾಗಿರಬೇಕೆಂದು ಕಾನೂನು ಹಟಹಿಡಿದರೆ ಅದು ಬರುವುದೇ ಇಲ್ಲ.

ಹಾಗಾದರೆ ಸುಳ್ಳನ್ನು ಹಿಡಿಯುವವರಾರು? ವೇಕ್‌ಫೀಲ್ಡನ ಪ್ರಕರಣವನ್ನು ಕೊನೆಯವರೆಗೂ ಓದಿದರೆ ಉತ್ತರವು ಸಿಗುತ್ತದೆ. ಯಾವ ಸರ್ಕಾರವೂ ಅವನ ಪ್ರಬಂಧವನ್ನು ನಿಷೇಧಿಸಲಿಲ್ಲ. 2002ರಲ್ಲಿ ಡೆನ್ಮಾರ್ಕಿನ ಸಂಶೋಧಕರು 5,37,303 ಮಕ್ಕಳ ದಾಖಲೆಗಳನ್ನು ಪರಿಶೀಲಿಸಿ, ಲಸಿಕೆ ಹಾಕಿಸಿಕೊಂಡವರಲ್ಲಿ ಆಟಿಸಂ ಹೆಚ್ಚಿಲ್ಲವೆಂದು ತೋರಿಸಿಕೊಟ್ಟರು. 2004ರಿಂದ ಬ್ರಯನ್ ಡೀರ್ ಎಂಬ ಪತ್ರಕರ್ತರು ಆ ಸಂಶೋಧನೆಯ ಹಿಂದಿದ್ದ ಹಣದ ವ್ಯವಹಾರವನ್ನೂ ದಾಖಲೆಗಳ ತಿರುಚಾಟವನ್ನೂ ಒಂದೊಂದಾಗಿ ಬಯಲಿಗೆಳೆದರು. ವೇಕ್‌ಫೀಲ್ಡ್ ಮಾನನಷ್ಟದ ದಾವೆ ಹೂಡಿ ಅವರ ಬಾಯಿ ಕಟ್ಟಿಸಲು ನೋಡಿ, ಕೊನೆಗೆ ದಾವೆಯನ್ನು ಕೈಬಿಟ್ಟನು. 2010ರಲ್ಲಿ 'ಲ್ಯಾನ್ಸೆಟ್' ಪತ್ರಿಕೆಯು ಪ್ರಬಂಧವನ್ನು ಹಿಂತೆಗೆದುಕೊಂಡಿತು. ವೈದ್ಯರ ಪಟ್ಟಿಯಿಂದ ಅವನ ಹೆಸರೂ ಹೋಯಿತು. 12 ವರ್ಷಗಳು ಹಿಡಿದವು. ಅಷ್ಟರಲ್ಲಿ ಹಾನಿಯೂ ಆಯಿತು. ಇದನ್ನು ಮರೆಮಾಚುವುದಿಲ್ಲ. ಆದರೆ ಸುಳ್ಳನ್ನು ಬಯಲಿಗೆಳೆದವರು ಬಳಸಿದುದು ಮಾತಿನ ಸ್ವಾತಂತ್ರ್ಯವನ್ನೇ; ಬಾಯಿ ಕಟ್ಟಿಸಲು ಯತ್ನಿಸಿದವನು ಸುಳ್ಳಿನ ಪಕ್ಷದವನು.

ಇಷ್ಟು ಹೇಳಿದ ಮಾತ್ರಕ್ಕೆ ಸರ್ಕಾರವು ಏನನ್ನೂ ಮಾಡಬಾರದೆಂದು ನಾವು ವಾದಿಸುವುದಿಲ್ಲ. 1954ರಲ್ಲಿ ನಮ್ಮ ಸಂಸತ್ತು ಔಷಧಗಳ ಮತ್ತು ಮಾಂತ್ರಿಕ ಪರಿಹಾರಗಳ ಆಕ್ಷೇಪಾರ್ಹ ಜಾಹೀರಾತುಗಳನ್ನು ತಡೆಯುವ ಕಾಯಿದೆಯನ್ನು ಮಾಡಿತು. ಕ್ಯಾನ್ಸರು, ಮಧುಮೇಹ ಮುಂತಾದ ರೋಗಗಳನ್ನು ವಾಸಿಮಾಡುವೆವೆಂದು ಜಾಹೀರಾತು ಕೊಟ್ಟು ಔಷಧ ಮಾರುವುದನ್ನೂ, ತಾಯಿತ ಮಂತ್ರಗಳಿಂದ ರೋಗ ಹೋಗುವುದೆಂದು ಪ್ರಚಾರ ಮಾಡುವುದನ್ನೂ ಅದು ನಿಷೇಧಿಸುತ್ತದೆ. ಇದನ್ನು ನಾವು ಹೃತ್ಪೂರ್ವಕವಾಗಿ ಒಪ್ಪುತ್ತೇವೆ. ರೋಗಿಯ ಹೆದರಿಕೆಯನ್ನು ಹಣವಾಗಿ ಮಾಡಿಕೊಳ್ಳುವವನು ಅಭಿಪ್ರಾಯ ಹೇಳುತ್ತಿಲ್ಲ, ವ್ಯಾಪಾರ ಮಾಡುತ್ತಿದ್ದಾನೆ. ಸರಕಿನ ತೂಕವನ್ನು ಪರೀಕ್ಷಿಸುವ ಸರ್ಕಾರವು ಅವನ ಸರಕಿನ ಮಾತನ್ನೂ ಪರೀಕ್ಷಿಸಬಹುದು. ಈ ಕಾಯಿದೆಯ ಮೇಲೆ ಹಮ್‌ದರ್ದ್ ದವಾಖಾನೆಯವರು ಹೂಡಿದ ಮೊಕದ್ದಮೆಯಲ್ಲಿ ಸರ್ವೋಚ್ಚ ನ್ಯಾಯಾಲಯವು 1959ರ ಡಿಸೆಂಬರಿನಲ್ಲಿ ಹೆಚ್ಚುಕಡಿಮೆ ಇದೇ ನಿಲುವನ್ನು ತಾಳಿತು. ಆದರೆ ಅದೇ ತೀರ್ಪಿನಲ್ಲಿ, ಯಾವ ಮಾರ್ಗದರ್ಶನವೂ ಇಲ್ಲದೆ ಇಷ್ಟಬಂದ ರೋಗಗಳನ್ನು ಪಟ್ಟಿಗೆ ಸೇರಿಸಲು ಸರ್ಕಾರಕ್ಕೆ ಕೊಟ್ಟಿದ್ದ ಅಧಿಕಾರವನ್ನು ಹೊಡೆದುಹಾಕಿತು. ಒಳ್ಳೆಯ ಉದ್ದೇಶದ ಕಾನೂನಿಗೂ ಅಳತೆ ಬೇಕೆಂಬುದು ಇದರ ಪಾಠ.

ಅಳತೆಯಿಲ್ಲದ ಕಾನೂನು ಏನು ಮಾಡುವುದೆಂಬುದನ್ನು ಮಾಹಿತಿ ತಂತ್ರಜ್ಞಾನ ಕಾಯಿದೆಯ 66ಎ ಪ್ರಕರಣದಲ್ಲಿ ಕಂಡೆವು. ಕಿರಿಕಿರಿ, ಅನನುಕೂಲ ಮುಂತಾದುವನ್ನು ಉಂಟುಮಾಡುವ ಸಂದೇಶಗಳಿಗೆ ಅದು ಮೂರು ವರ್ಷಗಳವರೆಗಿನ ಸೆರೆಮನೆಯನ್ನು ವಿಧಿಸಿತ್ತು. 2012ರ ನವೆಂಬರಿನಲ್ಲಿ, ನಾಯಕರೊಬ್ಬರ ನಿಧನದ ಮೇಲೆ ಮುಂಬಯಿಯಲ್ಲಿ ನಡೆದ ಬಂದ್ ಕುರಿತು ಫೇಸ್‌ಬುಕ್ಕಿನಲ್ಲಿ ಬರೆದ ಒಬ್ಬ ತರುಣಿಯನ್ನೂ, ಅದಕ್ಕೆ ಮೆಚ್ಚುಗೆ ಒತ್ತಿದ ಅವಳ ಗೆಳತಿಯನ್ನೂ ಮಹಾರಾಷ್ಟ್ರದ ಪಾಲ್ಘರಿನಲ್ಲಿ ಪೊಲೀಸರು ಬಂಧಿಸಿದರು. ಇದನ್ನು ಕಂಡು ಶ್ರೇಯಾ ಸಿಂಘಾಲ್ ಎಂಬ ಯುವತಿ ಸರ್ವೋಚ್ಚ ನ್ಯಾಯಾಲಯದ ಮೊರೆಹೊಕ್ಕರು. 2015ರ ಮಾರ್ಚ್ 24ರಂದು ನ್ಯಾಯಾಲಯವು 66ಎ ಪ್ರಕರಣವನ್ನು ಪೂರ್ತಿಯಾಗಿ ರದ್ದುಮಾಡಿತು. ಚರ್ಚೆ, ಪ್ರತಿಪಾದನೆ, ಪ್ರಚೋದನೆ ಎಂದು ಮಾತಿನಲ್ಲಿ ಮೂರು ಬಗೆಗಳುಂಟು. ಮೊದಲೆರಡು ಎಷ್ಟು ಅಪ್ರಿಯವಾದರೂ ಸ್ವಾತಂತ್ರ್ಯದ ತಿರುಳೇ ಆಗಿವೆ. ಮೂರನೆಯದಕ್ಕೆ ಮುಟ್ಟಿದಾಗ ಮಾತ್ರ ಕಾನೂನು ಕೈಹಾಕಬಹುದು ಎಂಬುದು ಆ ತೀರ್ಪಿನ ಸಾರ.

ಇಷ್ಟಾದರೂ ಸತ್ಯದ ಮುದ್ರೆಯನ್ನು ತಮ್ಮ ಕೈಯಲ್ಲಿಟ್ಟುಕೊಳ್ಳುವ ಆಸೆಯನ್ನು ಸರ್ಕಾರಗಳು ಬಿಟ್ಟಿಲ್ಲ. ತನ್ನ ಕಾರ್ಯಗಳ ಬಗೆಗೆ ಪ್ರಕಟವಾದುದರಲ್ಲಿ ಯಾವುದು ಸುಳ್ಳು, ಯಾವುದು ದಾರಿತಪ್ಪಿಸುವಂಥದು ಎಂದು ತನ್ನದೇ ಘಟಕದಿಂದ ಗೊತ್ತುಮಾಡಿಸುವ ನಿಯಮವನ್ನು ಕೇಂದ್ರ ಸರ್ಕಾರವು 2023ರಲ್ಲಿ ಮಾಡಿತು. ಬೊಂಬಾಯಿ ಉಚ್ಚ ನ್ಯಾಯಾಲಯವು 2024ರ ಸೆಪ್ಟೆಂಬರಿನಲ್ಲಿ ಅದನ್ನು ರದ್ದುಮಾಡಿತು. ಸುಳ್ಳು ಸುದ್ದಿಗೆ 7 ವರ್ಷಗಳವರೆಗಿನ ಸೆರೆವಾಸವನ್ನು ಸೂಚಿಸಿದ್ದ ಕರ್ನಾಟಕದ ಮಸೂದೆಯ ಕರಡೊಂದು 2025ರಲ್ಲಿ ತೀವ್ರ ಚರ್ಚೆಗೆ ಒಳಗಾಯಿತು. ಎರಡು ಸರ್ಕಾರಗಳನ್ನು ನಡೆಸುತ್ತಿದ್ದ ಪಕ್ಷಗಳು ಬೇರೆಬೇರೆ, ಆಸೆ ಒಂದೇ. ತನ್ನ ಮೊಕದ್ದಮೆಯಲ್ಲಿ ತಾನೇ ನ್ಯಾಯಾಧೀಶನಾಗಬಾರದೆಂಬ ನ್ಯಾಯವು ಸರ್ಕಾರಕ್ಕೂ ಅನ್ವಯಿಸುತ್ತದೆ.

ಆದುದರಿಂದ, ಮಾತನ್ನು ಅಂಕೆಯಲ್ಲಿಡುವ ಯಾವುದೇ ಕಾನೂನು ಮುಂದೆ ಬಂದಾಗ ನಮ್ಮ ತರುಣ ವಾಚಕರು ಅದಕ್ಕೆ ಮೂರು ಪ್ರಶ್ನೆಗಳನ್ನು ಹಾಕಬೇಕೆಂದು ಸೂಚಿಸುತ್ತೇವೆ. ಒಂದು, ಅದು ತಡೆಯಹೊರಟಿರುವುದು ಕಣ್ಣಿಗೆ ಕಾಣುವ, ಕೂಡಲೇ ಆಗಬಹುದಾದ ಹಾನಿಯನ್ನೋ ಅಥವಾ ಒಂದು ಅಭಿಪ್ರಾಯವನ್ನೋ? ಎರಡು, ತೀರ್ಪು ಕೊಡುವವರು ಟೀಕೆಗೆ ಗುರಿಯಾದವರೋ ಅಥವಾ ಅವರಿಂದ ಸ್ವತಂತ್ರರಾದವರೋ? ಮೂರು, ತೀರ್ಪೇ ತಪ್ಪಾಗಿದ್ದರೆ ಅದನ್ನು ತಪ್ಪೆಂದು ಬಹಿರಂಗವಾಗಿ ಹೇಳಿ ತಿದ್ದಿಸಲು ದಾರಿಯಿದೆಯೋ? ಮುರ್ಕಿಯಂಥ ಊರಿನಲ್ಲಿ "ಅಟ್ಟಿಸಿಕೊಂಡು ಹೋಗಿ ಹೊಡೆಯಿರಿ" ಎಂದು ಸಂದೇಶ ಕಳುಹಿಸಿದವನನ್ನು ಹಿಡಿದು ಶಿಕ್ಷಿಸುವ ಕಾನೂನು ಈ ಮೂರನ್ನೂ ದಾಟುತ್ತದೆ. ಲೀ ವೆನ್‌ಲಿಯಾಂಗರಿಂದ ಮುಚ್ಚಳಿಕೆ ಬರೆಸಿಕೊಂಡ ಕಾನೂನು ಮೊದಲನೆಯದರಲ್ಲಿಯೇ ಮುಗ್ಗರಿಸುತ್ತದೆ.

ಸುಳ್ಳಿನೊಡನೆ ಹೋರಾಡಲು ಸರ್ಕಾರಕ್ಕೆ ಬೇರೆ ಆಯುಧಗಳಿಲ್ಲವೆ? ಬೇಕಾದಷ್ಟಿವೆ. ತನ್ನ ಅಂಕಿ ಅಂಶಗಳನ್ನು ತಡಮಾಡದೆ ಪ್ರಕಟಿಸುವುದು ಮೊದಲನೆಯದು. ಸುದ್ದಿಯಿಲ್ಲದ ಕಡೆಯಲ್ಲಿಯೇ ಗಾಳಿಸುದ್ದಿ ಹುಟ್ಟುವುದು. ಮಾತಾಡಿದವನನ್ನು ಗುಂಪಿನಿಂದ ಕಾಪಾಡುವುದು ಎರಡನೆಯದು. ಹಿಂಸೆಯ ಬೆದರಿಕೆಗೆ ಅಂಜಿ ಅಭಿವ್ಯಕ್ತಿಯನ್ನು ಅಡಗಿಸಲಾಗದು, ಅದನ್ನು ರಕ್ಷಿಸುವುದು ರಾಜ್ಯದ ಕರ್ತವ್ಯವೆಂದು ಸರ್ವೋಚ್ಚ ನ್ಯಾಯಾಲಯವು 1989ರಲ್ಲಿ ಚಲನಚಿತ್ರವೊಂದರ ಮೊಕದ್ದಮೆಯಲ್ಲಿ ಸ್ಪಷ್ಟವಾಗಿ ಹೇಳಿದೆ. ಪ್ರಶ್ನೆ ಕೇಳುವ ಅಭ್ಯಾಸವನ್ನು ಶಾಲೆಗಳಲ್ಲಿ ಬೆಳೆಸುವುದು ಮೂರನೆಯದು. ಈ ಮೂರನೆಯ ದಾರಿಯಲ್ಲಿ ನಡೆದವರು ನಮ್ಮಲ್ಲಿಯೇ ಇದ್ದರು. ಬೆಂಗಳೂರಿನ ಡಾ. ಎಚ್. ನರಸಿಂಹಯ್ಯನವರು 1962ರಲ್ಲಿ ಬೆಂಗಳೂರು ಸೈನ್ಸ್ ಫೋರಂ ಎಂಬ ವೇದಿಕೆಯನ್ನು ಸ್ಥಾಪಿಸಿ ಸಾಮಾನ್ಯ ಜನರಿಗಾಗಿ ವಿಜ್ಞಾನದ ಉಪನ್ಯಾಸಗಳನ್ನು ಏರ್ಪಡಿಸಿದರು. 1976ರಲ್ಲಿ ವಿಶ್ವವಿದ್ಯಾಲಯದ ಮುಖ್ಯಸ್ಥರಾಗಿದ್ದಾಗ ಪವಾಡಗಳನ್ನೂ ಮೂಢನಂಬಿಕೆಗಳನ್ನೂ ಪರಿಶೀಲಿಸಲು ಸಮಿತಿಯೊಂದನ್ನು ನೇಮಿಸಿದರು. ಪವಾಡವನ್ನು ನಂಬುವವರ ಬಾಯಿ ಮುಚ್ಚಿಸಿರೆಂದು ಅವರು ಕೇಳಲಿಲ್ಲ. ಎಲ್ಲರೆದುರು ಪರೀಕ್ಷೆಗೆ ಬನ್ನಿರೆಂದು ಕರೆದರು.

ವಿದ್ಯಾರ್ಥಿಗಳಿಗೂ ಇದರಲ್ಲಿ ಒಂದು ಪಾಲಿದೆ. ವೈಜ್ಞಾನಿಕ ಮನೋಭಾವವನ್ನೂ ಜಿಜ್ಞಾಸೆಯನ್ನೂ ಬೆಳೆಸಿಕೊಳ್ಳುವುದು ಪ್ರತಿಯೊಬ್ಬ ನಾಗರಿಕನ ಕರ್ತವ್ಯವೆಂದು ಸಂವಿಧಾನದ 51ಎ ಅನುಚ್ಛೇದವು 1976ರಿಂದ ಹೇಳುತ್ತಿದೆ. ಫೋನಿಗೆ ಬಂದ ಸುದ್ದಿಯನ್ನು ಇನ್ನೊಬ್ಬರಿಗೆ ದಾಟಿಸುವ ಮೊದಲು, ಇದನ್ನು ಮೊದಲು ಹೇಳಿದವರು ಯಾರು, ಅವರಿಗೆ ಅದು ಹೇಗೆ ತಿಳಿಯಿತು, ಇದು ಸುಳ್ಳಾದರೆ ಯಾರಿಗೆ ನೋವಾಗುತ್ತದೆ ಎಂದು ಕೇಳಿಕೊಳ್ಳುವುದಕ್ಕೆ ಒಂದು ನಿಮಿಷವೂ ಬೇಡ. ಈ ವಿಚಾರಣೆಯನ್ನು ನಾವು ಮಾಡದೆ ಬಿಟ್ಟರೆ ಅದನ್ನು ಮಾಡಿಕೊಡುವೆವೆಂದು ಸರ್ಕಾರಗಳು ಮುಂದೆ ಬರುತ್ತವೆ. ಆ ನೆಪಕ್ಕೆ ನಾವೇ ಎಡೆಕೊಡಬಾರದು.